ಹದಿನಾರು ತಂತಿ ಮತ್ತು ಅಕ್ಕೋರ ಗಂಟೆ

ಕಂಪ್ಯೂಟರಿನ ಡ್ರೈವರ್ ಕೋಡಿನ ತಲೆಭಾಗದಲ್ಲಿ ಬರೆದವರ ಹೆಸರು ಹಾಕುವುದು ರೂಢಿ. ನನಗೆ ಕೆಲಸ ಕಲಿಸಿದ ಸರ್ ಬರೆದ ಕಡತದಲ್ಲಿ ಆ ಸಾಲು ಖಾಲಿ ಇದೆ. ಹೆಸರು ಹಾಕಲೇಬೇಕು ಎಂದು ನಾನು ಹಟ ಹಿಡಿದಾಗ ಅವರು, “ಚಲೋ ನಡದ್ರ ಯಾರೂ ಹೆಸರು ಓದಂಗಿಲ್ಲ ತಂಗಿ, ಕೆಟ್ಟಾಗ ಅಷ್ಟ ಓದತಾರ. ಕೆಟ್ರ ಹೆಂಗೂ ನೀವೆಲ್ಲಾ ನನ್ನ ಮನೀಗೇ ಬರ್ತೀರಿ, ಅಡ್ರೆಸ್ ಗೊತ್ತೈತೆಲ್ಲ” ಎಂದಿದ್ದರು. ಹೋದ ತಿಂಗಳು ಅವರು ತೀರಿಕೊಂಡರು. ಕಡತದ ಆ ಸಾಲನ್ನು ನಾನು ತುಂಬಿಲ್ಲ, ಇಲ್ಲಿಯೂ ಹೆಸರು ಬರೆಯುವುದಿಲ್ಲ.

ಗದಗಿನ ಸ್ಟೇಶನ್ ರಸ್ತೆಯಲ್ಲಿ ಕೆಳಗೆ ಬೀಜ ಗೊಬ್ಬರದ ಅಂಗಡಿ, ಮೇಲೆ ನಮ್ಮ ಕಚೇರಿ. ಐದು ಜನರ ಕಂಪನಿ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಿಗೆ ಒಂದು ಪೆಟ್ಟಿಗೆ ತಯಾರಿಸುತ್ತಿದ್ದೆವು. ಬೇರಿಂಗ್ ಕಾದರೆ, ಬೆಲ್ಟ್ ಜಾರಿದರೆ ಆ ಪೆಟ್ಟಿಗೆ ಎಚ್ಚರಿಸಬೇಕು, ಯಾರಾದರೂ ಕೆಂಪು ಗುಂಡಿ ಒತ್ತಿದರೆ ತಕ್ಷಣ ಯಂತ್ರ ನಿಲ್ಲಿಸಬೇಕು. ಇಂಥ ಸುದ್ದಿ ತರಲು ಹದಿನಾರು ತಂತಿಗಳು ಅದರೊಳಕ್ಕೆ ಬರುತ್ತಿದ್ದವು. ಪ್ರೊಸೆಸರ್ ಏನೋ ಕೆಲಸದಲ್ಲಿ ಮುಳುಗಿರುವಾಗ ‘ಅದನ್ನು ಬಿಡು, ಇಲ್ಲಿ ನೋಡು’ ಎಂದು ತಂತಿ ಕೂಗುವುದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಹದಿನಾರು ಜನ ಒಟ್ಟಿಗೆ ಕೂಗಿದರೆ ಯಾರದು ಮೊದಲು ಎಂದು ಆರಿಸಿ ಒಳಗೆ ಬಿಡುವ ಬಾಗಿಲ ಕಾವಲಿನವನೇ ಇಂಟರಪ್ಟ್ ಕಂಟ್ರೋಲರ್. ನಾವು ಕೊಂಡಿದ್ದು ಅಗ್ಗದ ಚಿಪ್. ಅದರ ಕಾವಲಿನವನ ಜೊತೆ ಮಾತಾಡಲು ಪೆಟ್ಟಿಗೆ ನಡೆಸುವ ನಮ್ಮ ಮೂಲ ತಂತ್ರಾಂಶಕ್ಕೆ, ಅಂದರೆ ಕರ್ನೆಲ್ಲಿಗೆ, ಬರುತ್ತಿರಲಿಲ್ಲ. ಮಾತು ಕಲಿಸುವ ಡ್ರೈವರನ್ನು ಬರೆಯಲು ಅವರು, ಅವರ ಕೈಕೆಳಗೆ ನಾನು.

ಅವರು ಕಂಪ್ಯೂಟರ್ ಓದಿದವರಲ್ಲ. ಇಪ್ಪತ್ತು ವರ್ಷ ರೈಲ್ವೆ ಸಿಗ್ನಲ್ ಕೆಲಸದಲ್ಲಿದ್ದು, ನಲವತ್ತು ದಾಟಿದ ಮೇಲೆ ನೌಕರಿ ಬಿಟ್ಟು ಕೋಡ್ ಕಲಿತವರು. ತುಂಬುತೋಳಿನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಟೆಸ್ಟರ್. ಚಹಾ ತಂದ ಹೋಟೆಲಿನವರ ಕೆಟಲಿಗೂ ಒಮ್ಮೆ ಅದನ್ನು ಮುಟ್ಟಿಸಿ ನೋಡಿದ್ದನ್ನು ಹೇಳಿ ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಅವರನ್ನು ಕರೆದರೆ ಒಂದು ಕ್ರಮವಿತ್ತು. ಮೊದಲು ಎಡಗೈಯ ಬೆರಳನ್ನು ತಾವು ಓದುತ್ತಿದ್ದ ಸಾಲಿನ ಮೇಲೆ ಇಡುವುದು, ಆಮೇಲೆ “ಹಾಂ” ಎನ್ನುವುದು, ಆಮೇಲೆ ಕುರ್ಚಿಸಮೇತ ಪೂರಾ ನಮ್ಮ ಕಡೆ ತಿರುಗುವುದು. ಅವರ ಪರದೆಯ ಎಡಭಾಗದಲ್ಲಿ ಬೆರಳಿನ ಕಲೆ ಸಾಲಾಗಿ ಕೂತಿತ್ತು. ಕರೆದವರನ್ನು ಕಾಯಿಸುವುದೆಂದರೆ ಅವರಿಗೆ ಮೈಮೇಲೆ ಮುಳ್ಳು. “ಸ್ಟೇಶನ್ನಿಂದ ಸ್ಟೇಶನ್ನಿಗೆ ಗಂಟಿ ಹೊಡದು ಕೇಳತಾರ, ಗಾಡಿ ಬಿಡ್ಲೇನು ಅಂತ. ಈ ಕಡಿಯವ ಗಂಟೀಲೇ ಉತ್ತರ ಕೊಡಬೇಕು. ಸುಮ್ಮನ ಕುಂತ್ರ ಅಲ್ಲಿ ಗಾಡಿ ನಿಂತಿರತೈತಿ, ಗಾಡ್ಯಾಗ ಮಂದಿ ಇರತಾರ” ಎಂದು ಡ್ರೈವರಿನ ಮೊದಲ ಪಾಠ ಹೇಳಿಕೊಟ್ಟರು.

ಬೆಟಗೇರಿಯ ಅವರ ಮನೆಯಲ್ಲಿ ಇದ್ದವರು ಇಬ್ಬರೇ, ಅವರು ಮತ್ತು ಅವರ ಅಕ್ಕ. ಅಕ್ಕ ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಲ್ಲಿ ಕಲಿಸಿ, ತಮ್ಮನನ್ನು ಓದಿಸಿದವರು. ಓಣಿಗೆಲ್ಲ ಅವರು ಅಕ್ಕೋರು. ನಾನು ನೋಡುವ ಹೊತ್ತಿಗೆ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು, ಮಾತು ತೊದಲುತ್ತಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಹಿಡಿಕೆಯ ಹಿತ್ತಾಳೆ ಗಂಟೆ ಇರುತ್ತಿತ್ತು. ಶಾಲೆಯ ಮೇಜಿನ ಮೇಲಿದ್ದದ್ದು, ನಿವೃತ್ತಿಯ ದಿನ ಕೊಟ್ಟು ಕಳಿಸಿದ್ದರಂತೆ. ಬೇಕಾದಾಗ ಎಡಗೈಯಿಂದ ಅದನ್ನು ಬಾರಿಸುತ್ತಿದ್ದರು. ಹೊರಗಿನ ಕೋಣೆಯಿಂದ ಸರ್ “ಬಂದೆ ಅಕ್ಕಾ” ಎಂದು ಓಗೊಟ್ಟ ಕೂಡಲೇ ಅಕ್ಕೋರು ಗಂಟೆಯನ್ನು ಸ್ಟೂಲಿನ ಮೇಲೆ ಅಡ್ಡ ಮಲಗಿಸುತ್ತಿದ್ದರು. ಓಗೊಡದಿದ್ದರೆ ಗಂಟೆ ನಿಂತೇ ಇರುತ್ತಿತ್ತು, ಸ್ವಲ್ಪ ತಡೆದು ಮತ್ತೆ ಬಾರಿಸಲಿಕ್ಕೆ.

ಗಂಟೆ ಯಾಕೆ ಅಡ್ಡ ಮಲಗಿಸುತ್ತೀರಿ ಎಂದು ಒಮ್ಮೆ ನಾನೇ ಕೇಳಿದೆ. ಅಕ್ಕೋರು ಒಂದೊಂದೇ ಶಬ್ದ ಕೂಡಿಸಿ ಹೇಳಿದ್ದು ಇದು: “ಹಾಜರಿ ತಗೋಳಾಗ ಹುಡುಗ ‘ಹಾಜರ್ರೀ’ ಅಂದ ಮ್ಯಾಲ ಮತ್ತ ಹೆಸರು ಕರೀತಾರೇನು? ಕರದ್ರ ಅವನ ಮ್ಯಾಲ ನಂಬಿಗಿ ಇಲ್ಲಂದಂಗ.” ಸರ್ ಪಕ್ಕದಲ್ಲೇ ನಿಂತು ರೊಟ್ಟಿಯನ್ನು ಹಾಲಿನಲ್ಲಿ ಕಿವುಚುತ್ತಿದ್ದರು. “ನೋಡು, ನಮ್ಮ ಅಕ್ಕಗ ಡ್ರೈವರ್ ಬರಿಯಾಕ ಬರತೈತಿ” ಎಂದರು. ಅಕ್ಕೋರ ಅರ್ಧ ಮುಖ ನಕ್ಕಿತು.

ನನ್ನ ಪೆದ್ದುತನದ ಕತೆಯೊಂದನ್ನು ಇಲ್ಲಿ ಹೇಳಬೇಕು. ಆ ಚಿಪ್ಪಿನಲ್ಲಿ ಒಂದು ರಿಜಿಸ್ಟರ್ ಇದೆ. ಯಾವ ತಂತಿ ಕೂಗಿತು ಎಂಬುದು ಅದರಲ್ಲಿ ಬರೆದಿರುತ್ತದೆ. ಆದರೆ ಓದಿದ ಕೂಡಲೇ ಅದು ತಾನಾಗಿ ಅಳಿಸಿಹೋಗುತ್ತದೆ. ಅದು ಗೊತ್ತಿಲ್ಲದೆ ನಾನು, ಏನಿದೆ ನೋಡೋಣ ಎಂದು ನಡುವೆ ಒಂದು ಸಾಲು ಬರೆದು ಓದಿಸಿದೆ. ಅದರ ನಂತರ ಓದಿದ ಡ್ರೈವರಿಗೆ ಸಿಕ್ಕಿದ್ದು ಬರೀ ಸೊನ್ನೆ. ಮೂರು ದಿನ ತಲೆ ಕೆಡಿಸಿಕೊಂಡೆವು. ಕಂಡುಹಿಡಿದ ಮೇಲೆ ಅವರು ಬೈಯಲಿಲ್ಲ. “ನೋಡಾಕ ಹೋಗಿ ಅಳಿಸಿದಿ ತಂಗಿ. ಮುಟ್ಟೂದಕ್ಕ ಮೊದಲ, ಏನೈತಿ ಅನ್ನೂದನ್ನ ಬರದು ಇಟ್ಕೋಳಾಕ ತಯಾರ ಇರಬೇಕು. ಒಂದ ಸಲ ಸಿಗತೈತಿ” ಎಂದರು. ತಿಂಗಳುಗಟ್ಟಲೆ ಅದನ್ನೇ ಹಿಡಿದು ನನ್ನನ್ನು ಕಾಡಿಸಿದರು. ನಾನು ಊಟದ ಡಬ್ಬಿ ಬಿಚ್ಚಿದರೆ, “ಓದಿ ಅಳಿಸಬ್ಯಾಡ, ನಮಗೂ ಒಂದೀಟು ಇಡು” ಎನ್ನುವರು.

ಪೆಟ್ಟಿಗೆಯನ್ನು ಮೊದಲು ಲಕ್ಷ್ಮೇಶ್ವರದ ಒಂದು ಮಿಲ್ಲಿನಲ್ಲಿ ಇಟ್ಟು ನೋಡಿದೆವು. ಅಕ್ಕೋರಿಗೆ ಎರಡು ದಿನದಿಂದ ಮೈ ಸರಿಯಿರಲಿಲ್ಲ, ಹಾಗಾಗಿ ಸರ್ ಮನೆಯಲ್ಲೇ ಉಳಿದರು. ನಾನೊಬ್ಬಳೇ ಬೆಳಿಗ್ಗೆಯ ಬಸ್ಸು ಹಿಡಿದು ಹೋದೆ. ಒಂದೊಂದೇ ತಂತಿ ಮುಟ್ಟಿಸಿದರೆ ಎಲ್ಲ ಸರಿ. ಎರಡು ತಂತಿ ಒಂದರ ಬೆನ್ನಿಗೊಂದು ಕೂಗಿದರೆ ಮಾತ್ರ ಎರಡನೆಯದು ಒಮ್ಮೊಮ್ಮೆ ಮಾಯವಾಗುತ್ತಿತ್ತು. ಬೇರಿಂಗ್ ಕಾದ ಸುದ್ದಿಯನ್ನು ಪೆಟ್ಟಿಗೆ ವಿಚಾರಿಸುತ್ತಿರುವಾಗಲೇ ಕೆಂಪು ಗುಂಡಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅರಳೆ ಹೆಕ್ಕುವ ಹೆಣ್ಣುಮಕ್ಕಳು ಆ ಯಂತ್ರದ ಬಾಯಿಯಲ್ಲೇ ಕೂತಿದ್ದರು. ಅವರಲ್ಲೊಬ್ಬಳು, “ಗುಂಡಿ ಒತ್ತಿದ್ರೂ ನಿಂದ್ರಂಗಿಲ್ಲೇನ್ರಿ ಅಕ್ಕಾರ?” ಎಂದು ಸಹಜವಾಗಿ ಕೇಳಿದಳು.

ಮಧ್ಯಾಹ್ನ ಮೂರರ ಸುಮಾರಿಗೆ ಸರ್‌ಗೆ ಫೋನ್ ಹಚ್ಚಿದೆ. “ಕರೆ ಬಂದಾಗಿಂದ ಮುಗಿಯೂತನಕ ಒಂದೊಂದ ಸಾಲು ಓದು” ಎಂದರು. ಗೋಡೌನಿನ ಹಿಂದೆ ಅರಳೆ ಮೂಟೆಗಳ ನಡುವೆ ಕೂತು ಲ್ಯಾಪ್‌ಟಾಪ್ ನೋಡುತ್ತ ಓದತೊಡಗಿದೆ. ಮೂಟೆಗಳಿಗೆ ಸದ್ದು ತಡೆಯುವ ಗುಣ ಇದೆ, ಅಲ್ಲಿ ಎಲ್ಲ ಸ್ಪಷ್ಟ ಕೇಳುತ್ತಿತ್ತು. ಐದಾರು ಸಾಲು ಓದಿದ್ದೆ, ಫೋನಿನೊಳಗೆ ಗಂಟೆ ಬಾರಿಸಿದ್ದು ಕೇಳಿಸಿತು. ಸರ್ ಫೋನನ್ನು ಬಾಯಿಂದ ಸ್ವಲ್ಪ ದೂರ ಹಿಡಿದು “ಬಂದೆ ಅಕ್ಕಾ” ಎಂದರು. ಮತ್ತೆ ನನಗೆ, “ಹಾಂ ತಂಗಿ, ಮುಂದಿನ ಸಾಲು” ಎಂದರು.

ನಾನು ಓದಿದೆ. ತಪ್ಪು ಸಿಕ್ಕಿತು. ಕರೆ ಬಂದಾಗ ‘ಕೇಳಿಸಿತು’ ಎಂದು ಕಂಟ್ರೋಲರಿಗೆ ಹೇಳುವ ಸಾಲನ್ನು ನಾನು ಕೊನೆಯಲ್ಲಿ, ಕೆಲಸವೆಲ್ಲ ಮುಗಿದ ಮೇಲೆ ಇಟ್ಟಿದ್ದೆ. ನಡುವೆ ಬಂದ ಇನ್ನೊಂದು ಕರೆಯೂ ಆ ಒಂದೇ ಮಾತಿನಲ್ಲಿ ಅಳಿಸಿಹೋಗುತ್ತಿತ್ತು. “ಮೊದಲ ಓಗೊಡು, ಆಮ್ಯಾಲ ಕೆಲಸ ಮಾಡು. ಓಗೊಟ್ಟಿದ್ರ ನಡುವ ಬಂದಾಂವ ಹೊಸದಾಗಿ ಸಾಲಿನ್ಯಾಗ ನಿಂದರತಾನ” ಎಂದರು. ಆ ಸಾಲನ್ನು ಮೇಲೆ ತಂದೆ. ಆಗ ಅವರು ಫೋನ್ ಇಡಲು ಹೊರಟರು. ನಾನೇ, “ಇರ್ರಿ ಸರ್, ಹಂಗ ಲೈನಿನ್ಯಾಗ ಇರ್ರಿ, ಒಮ್ಮಿ ನಡಿಸಿ ನೋಡೇ ಬಿಡೂಣು” ಎಂದೆ. ಗಂಟೆ ನನಗೆ ನೆನಪಿತ್ತು. ಅಕ್ಕೋರಿಗೆ ನೀರು ಬೇಕಾಗಿರಬೇಕು, ಎರಡು ನಿಮಿಷ ತಡೆದಾರು ಎಂದುಕೊಂಡೆ. ಕೋಡ್ ಹೊಸದಾಗಿ ಕಟ್ಟಿ, ಪೆಟ್ಟಿಗೆಗೆ ಇಳಿಸಿ, ಗುಂಡಿ ಒತ್ತಿ ನೋಡುವಷ್ಟರಲ್ಲಿ ಹನ್ನೆರಡು ನಿಮಿಷ ಆಗಿತ್ತು. ಯಂತ್ರ ಪ್ರತಿ ಸಲ ನಿಂತಿತು. ಹೆಣ್ಣುಮಕ್ಕಳು ನಕ್ಕರು. ಸರ್ “ಶಾಬಾಸ್” ಎಂದು ಫೋನಿಟ್ಟರು.

ವಾಪಸು ಬರುವಾಗ ಬಸ್ಸು ಮುಳಗುಂದ ದಾಟಿತ್ತು. ಅಕ್ಕೋರು ಹೋದರೆಂದು ಕಚೇರಿಯಿಂದ ಖಬರು ಬಂತು.

ಎರಡನೆಯ ಸಲ ಲಕ್ವಾ ಹೊಡೆದಿತ್ತು. ನೀವು ಮಗ್ಗುಲಲ್ಲೇ ಕೂತಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಸರ್‌ಗೆ ಹೇಳಿದ್ದರಂತೆ. ಸರ್ ಆ ಮಾತು ಒಪ್ಪಿಕೊಂಡಿದ್ದರು. ಅವರನ್ನು ಕಾಡಿದ್ದು ಬೇರೆ. ಮೂರನೆಯ ದಿನ ನಾನು ಹೋದಾಗ ಪಡಸಾಲೆಯಲ್ಲಿ ಜನ ಇದ್ದರು. ನನ್ನನ್ನು ಅಂಗಳದ ತುದಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು.

“ತಂಗಿ, ಆವತ್ತು ಫೋನಿನ್ಯಾಗ ಅಕ್ಕನ ಗಂಟಿ ಆತಲ್ಲ. ನಾ ‘ಬಂದೆ’ ಅಂದ್ನೇನು? ನಿನಗ ಕೇಳಿಸಿತ್ತೇನು?”

ಅವರೇ ಮುಂದುವರಿಸಿದರು. “ಗಂಟಿ ಆಗಿದ್ದು ನೆನಪೈತಿ. ನಾ ಅಂದಿದ್ದು ನೆನಪಿಲ್ಲ. ತಲಿಯೆಲ್ಲಾ ನೀ ಓದೋ ಸಾಲಿನ್ಯಾಗ ಇತ್ತು. ಅಂದಿದ್ರ, ಆಕಿ ಗಂಟಿ ಅಡ್ಡ ಇಟ್ಟು ನನ್ನ ದಾರಿ ನೋಡಿರತಾಳ. ಅಂದಿರದಿದ್ರ, ಇಂವಗ ಕೇಳಿಸಲಿಲ್ಲ ಅಂತ ತಿಳಕೊಂಡು ಹೋಗಿರತಾಳ. ಯಾವದು ಕೆಟ್ಟದ್ದು ಅಂತ ನನಗ ತಿಳಿವಲ್ದು. ಯಾವದರ ಇರಲಿ, ಒಂದು ಗೊತ್ತಾಗಬೇಕು.”

“ಗಂಟಿ ಹೆಂಗಿತ್ರಿ ಸರ್?” ಎಂದೆ.

“ಅದನ್ನ ನೋಡಬೇಕಿತ್ತಲ್ಲ. ಒಳಗ ಹೋದಾಂವ ಆಕೀನ ಎತ್ತಾಕ ಬಗ್ಗಿದೆ, ಮೊಣಕೈ ಬಡದು ಸ್ಟೂಲು ಬಿತ್ತು, ಗಂಟಿ ಉರುಳಿಕೋತ ಮಂಚದ ಕೆಳಗ ಹೋತು. ಅಡ್ಡ ಇತ್ತೋ, ನಿಂತಿತ್ತೋ. ನಿನ್ನ ಅಷ್ಟು ಕಾಡಿಸಿದೆ, ಕಡೀಕ ನಾನ ಓದದ ಅಳಿಸಿದೆ.”

ಹೌದು ಎಂದು ಹೇಳಬೇಕಿತ್ತು. ಆದರೆ ಹೌದು ಎಂದರೆ, ಕೇಳಿಸಿದವಳು ನೀನು ಯಾಕೆ ನನ್ನನ್ನು ಹಿಡಿದು ಕೂರಿಸಿದೆ ಎಂಬ ಪ್ರಶ್ನೆ ಬರುತ್ತದೆ. ಅವರು ಅದನ್ನು ಕೇಳುವ ಮನುಷ್ಯರಲ್ಲ, ಅದು ನನಗೆ ಗೊತ್ತಿತ್ತು. ಅವರು ಕೇಳದಿದ್ದರೆ ನಾನೇ ಕೇಳಿಕೊಳ್ಳಬೇಕಾಗುತ್ತಿತ್ತು. “ಮಿಲ್ಲಿನ್ಯಾಗ ಭಾಳ ಗದ್ದಲ ಇತ್ರಿ ಸರ್, ನನಗೇನೂ ಕೇಳಿಸಲಿಲ್ಲ” ಎಂದೆ. ಅವರು “ಹೌದಲ್ಲ, ಗದ್ದಲ ಇರತೈತಿ” ಎಂದು ನನ್ನನ್ನೇ ಸಮಾಧಾನ ಮಾಡುವವರಂತೆ ತಲೆಯಾಡಿಸಿ ಒಳಗೆ ಹೋದರು. ಆ ಅಂಗಳದಲ್ಲಿ ನಾನು ಎಷ್ಟು ಸಣ್ಣವಳಾದೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಅವರು ಡ್ರೈವರಿಗೆ ಮೂರು ಎಣಿಕೆಗಳನ್ನು ಸೇರಿಸಿದರು. ಬಂದ ಕರೆ ಎಷ್ಟು, ಓಗೊಟ್ಟ ಕರೆ ಎಷ್ಟು, ಮುಗಿಸಿದ ಕರೆ ಎಷ್ಟು. ಮೊದಲನೆಯದೂ ಕೊನೆಯದೂ ಸಾಕು, ನಡುವಿನದು ಯಾಕೆ ಎಂದು ನಮ್ಮ ಮಾಲೀಕರು ತಕರಾರು ತೆಗೆದರು. “ಓಗೊಟ್ಟದ್ದನ್ನ ಬ್ಯಾರೆ ಎಣಿಸಿ ಏನ್ ಮಾಡೂದೈತ್ರಿ ಸರ್? ಸುಮ್ಮನ ವ್ಯಾಳ್ಯಾ ತಿಂತೈತಿ.” ಸರ್ ಯಾರ ಜೊತೆಗೂ ವಾದ ಮಾಡುವವರಲ್ಲ. ಅಂದು ಮಾತ್ರ ಎದ್ದು ನಿಂತರು. “ಎಣಿಸಿ ಇಡದಿದ್ರ ಆಮ್ಯಾಲ ಯಾರನ್ನ ಕೇಳೂದ್ರಿ?” ಎಂದರು. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೋ ಏನೋ. ಎಣಿಕೆ ಉಳಿಯಿತು. ಮುಂಡರಗಿಯಿಂದ ಹಿಡಿದು ಈ ಸುತ್ತಿನ ಎಲ್ಲ ಮಿಲ್ಲುಗಳ ಪೆಟ್ಟಿಗೆಯಲ್ಲೂ ಆ ಮೂರು ಅಂಕಿ ಇಂದಿಗೂ ಓಡುತ್ತಿವೆ.

ಇನ್ನೆರಡು ಸಲ ಕೇಳಿದರು. ಒಮ್ಮೆ ಕುರ್ತಕೋಟಿಯ ಹಾದಿಯಲ್ಲಿ ಆಟೋದಲ್ಲಿ ಹೋಗುವಾಗ, “ಒಂದ ಮಾತು ಸೈತ ಕೇಳಿಸಲಿಲ್ಲಲಾ?” ಎಂದು. ಇನ್ನೊಮ್ಮೆ ಅವರು ಕೆಲಸ ಬಿಡುವ ದಿನ, ಮಾಲೆ ಕೊರಳಲ್ಲಿ ಇರುವಾಗಲೇ. ಎರಡೂ ಸಲ ನಾನು ಗದ್ದಲವನ್ನೇ ಮುಂದೆ ಮಾಡಿದೆ. ಒಂದು ಸುಳ್ಳಿಗೆ ವರ್ಷ ತುಂಬಿದರೆ ಅದನ್ನು ಕೀಳುವುದು ಕಷ್ಟ, ಬೇರು ಎಲ್ಲಿಯವರೆಗೆ ಇಳಿದಿದೆಯೋ ತಿಳಿಯುವುದಿಲ್ಲ. ಈಗ ಹೇಳಿದರೆ ಅಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂಬ ಇನ್ನೊಂದು ತಪ್ಪು ಸೇರುತ್ತಿತ್ತು. ಹೀಗೆ ದಿನ ತಳ್ಳಿದೆ.

ನಿವೃತ್ತಿಯ ನಂತರವೂ ಕೋಡಿನ ಸಂಶಯ ಬಂದರೆ ಫೋನ್ ಮಾಡುತ್ತಿದ್ದೆ. ಅವರಿಗೊಂದು ಹೊಸ ಚಾಳಿ ಹತ್ತಿತ್ತು. ಮಾತು ಶುರು ಮಾಡುವ ಮೊದಲು, “ನಿನ್ನ ಹಿಂದ ಯಾರೂ ಕರಿಯಾಕತ್ತಿಲ್ಲಲಾ?” ಎಂದು ಕೇಳುವರು. ಒಮ್ಮೆ ನನ್ನ ಮಗಳು ಒಳಗಿನಿಂದ “ಅವ್ವಾ” ಎಂದಳು. ನಾನು “ಬಂದೆ” ಎಂದು ಕೂಗಿ ಮಾತು ಮುಂದುವರಿಸಿದೆ. ಆ ಕಡೆ ಫೋನ್ ಕಟ್ಟಾಗಿತ್ತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಒಂದು ತಾಸಿನ ಮೇಲೆ ತಾವೇ ಮಾಡಿ, “ಹೋಗಿ ಬಂದೆಲ್ಲ? ಹಾಂ, ಈಗ ಹೇಳು” ಎಂದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಅದೇ ನನಗೆ ಹೆಚ್ಚು ಚುಚ್ಚಿತು.

ಅವರು ಹೋದ ಸುದ್ದಿ ತಿಳಿದು ಬೆಟಗೇರಿಗೆ ಹೋದಾಗ ಎಲ್ಲ ಮುಗಿದಿತ್ತು. ಕೊನೆಯ ದಿನಗಳಲ್ಲಿ ಅವರಿಗೆ ರೊಟ್ಟಿ ಮಾಡಿಕೊಡುತ್ತಿದ್ದ ಎದುರುಮನೆಯ ಗಂಗವ್ವ ಬಾಗಿಲು ತೆಗೆದಳು. ಅಕ್ಕೋರ ಕೋಣೆಯಲ್ಲಿ ಮಂಚ ಹಾಗೇ ಇತ್ತು. ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಗಂಟೆ. ನಿಂತಿತ್ತು.

“ಇದನ್ನ ಯಾರಿಗೂ ಮುಟ್ಟಗೊಡತಿದ್ದಿಲ್ರಿ” ಎಂದಳು ಗಂಗವ್ವ. “ದಿನಾ ಮುಂಜಾನೆ ತಾವ ಒರಸಿ ಇಡತಿದ್ರು. ಒಂದಿನ ಅಡ್ಡ ಮಲಗಸತಿದ್ರು. ಮರದಿನ ನೋಡಿದ್ರ ಮತ್ತ ನಿಂದರಿಸಿರತಿದ್ರು. ಅದರ ಮುಂದ ಕುಂತು ಭಾಳೊತ್ತು ನೋಡತಿದ್ರು. ಯಾಕ್ರೀ ಯಪ್ಪಾ ಹಿಂಗ ಅಂತ ನಾ ಕೇಳಿದ್ರ, ‘ಗೊತ್ತಾಗವಲ್ದವಾ’ ಅಂತಿದ್ರು. ವಯಸ್ಸಾತು, ಮರವು ಅಂತ ನಾ ಸುಮ್ಮನಾದೆ.”

ನಾನು ಮಂಚದ ಅಂಚಿನಲ್ಲಿ ಕೂತೆ. ಎಷ್ಟು ಮುಂಜಾವುಗಳನ್ನು ಅವರು ಹೀಗೆ ಕಳೆದಿರಬೇಕು. ನನ್ನ ಒಂದು ‘ಹೌದು’ ಇದ್ದಿದ್ದರೆ ಅವರಿಗೆ ನೆಮ್ಮದಿ ಸಿಗುತ್ತಿತ್ತೋ, ಇನ್ನಷ್ಟು ನೋವಾಗುತ್ತಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಅದು ಅವರ ಮಾತು. ಅವರು ಆಡಿದ್ದು, ಅವರ ಅಕ್ಕನಿಗೆ ಆಡಿದ್ದು. ಅದನ್ನು ಇಷ್ಟು ವರ್ಷ ನನ್ನ ಹತ್ತಿರ ಇಟ್ಟುಕೊಳ್ಳಲು ನಾನು ಯಾರು? ಅಳು ಬಂತು, ಗಂಗವ್ವ ನೀರು ತಂದುಕೊಟ್ಟಳು.

ಕೈ ಚಾಚಿ ಗಂಟೆಯನ್ನು ಎತ್ತಿದೆ. ನಾಲಿಗೆ ಬಡಿಯದಂತೆ ಒಳಗೆ ಬೆರಳು ಹಿಡಿದು, ಸ್ಟೂಲಿನ ಮೇಲೆ ಅಡ್ಡ ಮಲಗಿಸಿದೆ.

“ಹಂಗ್ಯಾಕ ಇಟ್ರಿ ಬಾಯಾರ?” ಎಂದಳು ಗಂಗವ್ವ.

“ಅಕ್ಕೋರು ಹೋದ ದಿನ ಅದು ಹಿಂಗ ಇತ್ತವಾ.”

“ನಿಮಗೇನು ಗೊತ್ತು? ನೀವು ಆವತ್ತು ಇಲ್ಲಿ ಇದ್ದಿದ್ದಿಲ್ಲಲಾ.”

“ಅವರು ‘ಬಂದೆ ಅಕ್ಕಾ’ ಅಂದಿದ್ರು” ಎಂದೆ. “ಫೋನಿನ್ಯಾಗ ನನಗ ಕೇಳಿಸಿತ್ತು.”